ಅರ್ಧಕ್ಕೆ ಬಿಟ್ಟ ಹಲ್ಲಿನ ಸೆಟ್ಟು

ಸಾನಿಯಾ, ನೀನು ಹಲ್ಲು ಕಟ್ಟುವ ಕೋರ್ಸಿಗೆ ಸೇರಿದ್ದೀಯ ಎಂದು ನಿನ್ನ ಅಪ್ಪ ಹೇಳಿದಾಗ ನನಗೆ ಮೊದಲು ನೆನಪಾದದ್ದು ಒಂದು ವಾಸನೆ. ಬಿಸಿ ಮೇಣ, ಸ್ಪಿರಿಟ್ ದೀಪ, ಒದ್ದೆ ಪ್ಲಾಸ್ಟರು ಸೇರಿದ ವಾಸನೆ ಅದು. ಎಷ್ಟು ಒಗೆದರೂ ನನ್ನ ಬುರ್ಖಾದಿಂದ ಹೋಗುತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ನಮ್ಮ ಯಜಮಾನರು, ನಿನ್ನ ದಾದಾ, "ಬಂತು ನೋಡು ಮೇಣದಬತ್ತಿ, ಇನ್ನು ಕರೆಂಟ್ ಹೋದ್ರೂ ಚಿಂತೆ ಇಲ್ಲ" ಎಂದು ನಗುತ್ತಿದ್ದರು.

ಬಾಯಿಯ ಅಳತೆಯನ್ನು ಸಣ್ಣ ಕ್ಯಾಮೆರಾದಲ್ಲಿ ತೆಗೆದು ಕಂಪ್ಯೂಟರಿನಲ್ಲೇ ಹಲ್ಲು ಮಾಡುವುದನ್ನು ನೀನು ಮೊಬೈಲಿನಲ್ಲಿ ತೋರಿಸಿದೆ. ಚೆನ್ನಾಗಿದೆ. ಅದನ್ನು ನೋಡುತ್ತಿದ್ದಾಗ, ನನ್ನ ಕಾಲದ ಕೆಲಸ ಹೇಗಿತ್ತು ಎಂದು ಈ ಹುಡುಗಿಗೆ ಹೇಳಬೇಕು ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಆ ಕೆಲಸವನ್ನು ನನಗೆ ಕಲಿಸಿದವರು ಯಾರು, ಅವರು ಯಾಕೆ ಹಾಗೆ ಕೆಲಸ ಮಾಡುತ್ತಿದ್ದರು ಎಂಬುದನ್ನು ಹೇಳಬೇಕು ಅನ್ನಿಸಿತು. ಎದುರಿಗೆ ಕೂತು ಹೇಳು ಅಂದರೆ ನನ್ನಿಂದ ಆಗುವುದಿಲ್ಲ. ನಾಲ್ಕು ಜನ ಮುಖ ನೋಡಿದರೆ ನನ್ನ ಮಾತು ಗಂಟಲಲ್ಲೇ ನಿಲ್ಲುತ್ತದೆ. ಹೊಳಲೂರಿನ ಕನ್ನಡ ಶಾಲೆಯ ಮೇಷ್ಟ್ರು, "ನೂರ್‌ಜಾನ್, ನಿಂಗೆ ಬಾಯಿ ಇರೋದು ಊಟಕ್ಕೆ ಮಾತ್ರನಾ?" ಅನ್ನುತ್ತಿದ್ದರು. ಆದರೆ ನನ್ನ ಅಕ್ಷರವನ್ನು ಅವರೂ ಹೊಗಳುತ್ತಿದ್ದರು. ಏಳನೇ ಕ್ಲಾಸಿನವರೆಗೆ ಕಲಿತ ಆ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ನಿನ್ನ ತಮ್ಮ ಇಮ್ರಾನನಿಗೂ ಓದಿ ಹೇಳು.

ಗ್ಯಾರೇಜಿನಲ್ಲಿ ಜಾಕು ಜಾರಿ ನಿನ್ನ ದಾದಾನ ಬಲಗೈ ಲಾರಿಯಡಿ ಸಿಕ್ಕಿಕೊಂಡ ವರ್ಷ ನಾನು ಕೆಲಸಕ್ಕೆ ಹೊರಟೆ. ನಿನ್ನ ಅಪ್ಪ ಆಗ ಅಂಬೆಗಾಲಿಡುತ್ತಿದ್ದ. ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಗಳ ಸಾಲಿನಲ್ಲಿ ಒಂದು ಹಲ್ಲಿನ ಅಂಗಡಿ ಇತ್ತು. ಅದರ ಡಾಕ್ಟರ ತಾಯಿಗೆ ಕನ್ನಡ ಬರುವುದಿಲ್ಲ, ಜೊತೆಗಿರಲು ಹಿಂದಿ ಮಾತಾಡುವ ಹೆಂಗಸು ಬೇಕಂತೆ ಎಂದು ಪಕ್ಕದ ಮನೆಯವರು ಹೇಳಿದರು. ನನ್ನದು ಹಿಂದಿಯಲ್ಲ, ನಮ್ಮ ದಖ್ನಿ ಉರ್ದು. ಆ ಅಜ್ಜಿಯದು ಅಸ್ಸಾಮಿನ ಚಹಾ ತೋಟದ ಕಡೆಯ ಹಿಂದಿ. ಅವರು ಹೇಳಿದ್ದು ನನಗೆ ಅರ್ಧ, ನಾನು ಹೇಳಿದ್ದು ಅವರಿಗೆ ಅರ್ಧ ತಿಳಿಯುತ್ತಿತ್ತು. ಮೊದಲ ದಿನವೇ ಅವರು ಮಗನಿಗೆ, "ಇವಳೇ ಸಾಕು. ಇವಳು ಪ್ರಶ್ನೆ ಕೇಳೋದಿಲ್ಲ" ಅಂದರು. ನನ್ನ ಸಂಕೋಚದಿಂದ ನನಗೆ ಲಾಭವಾದದ್ದು ಅದೊಂದೇ ಸಲ.

ಡಾಕ್ಟರ ಹೆಸರು ಚೆನ್. ಅವರ ತಾತ ಎಂದೋ ಚೀನಾದಿಂದ ಬಂದು ಅಸ್ಸಾಮಿನ ಚಹಾ ತೋಟವೊಂದರಲ್ಲಿ ಬಡಗಿಯಾಗಿದ್ದರಂತೆ. ಡಾಕ್ಟರ ತಂದೆ ಹುಟ್ಟಿದ್ದು ಅಲ್ಲೇ, ಡಾಕ್ಟರು ಹುಟ್ಟಿದ್ದೂ ಅಲ್ಲೇ. ತಂದೆ ತೋಟದ ಪಕ್ಕದ ಸಣ್ಣ ಪೇಟೆಯಲ್ಲಿ ಹಲ್ಲಿನ ಅಂಗಡಿ ಇಟ್ಟಿದ್ದರು, ಮಗ ಅಪ್ಪನ ಕೈಕೆಳಗೆ ಕೆಲಸ ಕಲಿತಿದ್ದರು. ಶಿವಮೊಗ್ಗದ ಜನ ಅವರನ್ನು ಚೀನಾ ಡಾಕ್ಟ್ರು ಅನ್ನುತ್ತಿದ್ದರು. ಬಜಾರಿನ ಹಮಾಲರ ಬಾಯಲ್ಲಿ ಅವರು ಚೆನ್ನಪ್ಪ ಡಾಕ್ಟ್ರು. ಅಂಗಡಿಯ ಬೋರ್ಡಿನಲ್ಲಿ ಮಾತ್ರ ಹೆಸರೇ ಇರಲಿಲ್ಲ. ಗುಲಾಬಿ ವಸಡಿನ ಒಂದು ಹಲ್ಲಿನ ಸೆಟ್ಟಿನ ಚಿತ್ರ, ಅದರ ಕೆಳಗೆ ಬಿಳಿ ಪಟ್ಟಿ. ಆ ಅಂಗಡಿ ಹಾಕಿದವರು ಡಾಕ್ಟರ ಚಿಕ್ಕಪ್ಪ. ಅರವತ್ತೆರಡರಲ್ಲಿ ಚೀನಾದ ಜೊತೆ ಯುದ್ಧವಾದಾಗ ಕಲ್ಲು ಬಿದ್ದೀತೆಂದು ಹೆದರಿ ಅವರೇ ಹೆಸರಿನ ಮೇಲೆ ಬಿಳಿ ಬಣ್ಣ ಬಳಿದರಂತೆ. ಚಿಕ್ಕಪ್ಪ ತೀರಿಹೋಗಿ, ಈ ತಾಯಿ ಮಗ ಬಂದು ಅಂಗಡಿ ನಡೆಸತೊಡಗಿದ ಮೇಲೂ ಆ ಬಣ್ಣವನ್ನು ಯಾರೂ ಕೆರೆಯಲಿಲ್ಲ. ಡಾಕ್ಟರು ತೀರಿಕೊಂಡು ಈಗ ಬಹಳ ವರ್ಷವಾಯಿತು. ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಅಜ್ಜಿಯ ಜೊತೆಗೆಂದು ಹೋದವಳು, ಮಧ್ಯಾಹ್ನ ಅವರು ಮಲಗಿದಾಗ ಮಹಡಿಯಿಂದ ಇಳಿದು ಅಂಗಡಿಯಲ್ಲಿ ಪ್ಲಾಸ್ಟರು ಕಲಸಿಕೊಡತೊಡಗಿದೆ. "ನೂರಮ್ಮ, ಇಡ್ಲಿ ಹಿಟ್ಟಿನ ಹಾಗೆ ಇರ್ಲಿ, ದೋಸೆ ಹಿಟ್ಟಾಗ್ಬಾರ್ದು" ಅನ್ನುತ್ತಿದ್ದರು ಡಾಕ್ಟರು. ಮೊದಲ ವಾರ ನಾನು ಕಲಸುತ್ತ ಬೀದಿ ನೋಡಿದೆ. ಬಟ್ಟಲಲ್ಲೇ ಅದು ಕಲ್ಲಾಗಿ ಚಮಚ ಸಿಕ್ಕಿಕೊಂಡಿತು. ಡಾಕ್ಟರು ಚಮಚ ಹಿಡಿದು ಎತ್ತಿದರೆ ಬಟ್ಟಲೂ ಜೊತೆಗೇ ಬಂತು. "ಇದನ್ನ ಗೋಡೆಗೆ ಹಾಕೋಣ. ನಿಮ್ಮ ಮೊದಲನೇ ಪೇಷೆಂಟು" ಅಂದರು. ಬೈದದ್ದು ಅಷ್ಟೇ. ಮೂವತ್ತು ವರ್ಷದಲ್ಲಿ ಅದಕ್ಕಿಂತ ಗಟ್ಟಿಯಾಗಿ ನನಗೆ ಅವರು ಬೈಯಲಿಲ್ಲ.

ಪ್ರತಿ ಸೋಮವಾರ ಅಂಗಡಿ ತಡವಾಗಿ ತೆರೆಯುತ್ತಿತ್ತು. ಅದು ಚೀನಾದವರ ಪೂಜೆಯ ದಿನ ಎಂದು ಬಜಾರಿನವರು ತಿಳಿದಿದ್ದರು. ಡಾಕ್ಟರು ತಿದ್ದಲು ಹೋಗಲಿಲ್ಲ. ಆ ದಿನ ತಾಯಿ ಮಗ ಇಬ್ಬರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋಗಿ, ನಾವು ಊರಲ್ಲೇ ಇದ್ದೇವೆ ಎಂದು ತೋರಿಸಿ ಬರಬೇಕಿತ್ತು. ಮಗ ಸಹಿ ಮಾಡುತ್ತಿದ್ದರು, ತಾಯಿ ಹೆಬ್ಬೆಟ್ಟು ಒತ್ತುತ್ತಿದ್ದರು. ಒಂದು ಸೋಮವಾರ ಅಜ್ಜಿಗೆ ಜೋರು ಜ್ವರ. ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ ರುದ್ರಪ್ಪ ಮಸಿಯ ಡಬ್ಬಿ ಹಿಡಿದು ಮಹಡಿ ಹತ್ತಿ ಬಂದ.

"ಏನ್ ಮಾಡೋದು ಅಜ್ಜಿ, ಮೇಲಿನವ್ರು ಕೇಳ್ತಾರೆ. ಬೆರಳು ಕೊಡಿ."

ಅಜ್ಜಿ ಹೊದಿಕೆಯಿಂದ ಕೈ ಹೊರಗೆ ಚಾಚಿದರು. ಚಾಚಿದ್ದ ಹಾಗೆಯೇ ನನ್ನ ಕಡೆ ತಿರುಗಿ, "ಇವನಿಗೆ ಚಹಾ ಕೊಡು, ಮೆಟ್ಟಿಲು ಹತ್ತಿ ಬಂದಿದ್ದಾನೆ" ಅಂದರು.

ರುದ್ರಪ್ಪ ಕೆಟ್ಟವನಲ್ಲ. ಚಹಾ ಕುಡಿದು ಕೆಳಗಿಳಿದವನು ಡಾಕ್ಟರ ಕುರ್ಚಿಯಲ್ಲಿ ಕೂತುಬಿಟ್ಟ. "ಡಾಕ್ಟ್ರೇ, ಈ ಕಡೆ ದವಡೆ ಹಲ್ಲೊಂದು ಅಲ್ಲಾಡ್ತಿದೆ ಮಾರಾಯ್ರೇ, ಬಂದಿದ್ದಕ್ಕೆ ಹಂಗೇ ನೋಡ್ಬಿಡಿ."

"ಬಾಯಿ ತೆಗೀರಿ" ಅಂದರು ಡಾಕ್ಟರು. "ವಾರಕ್ಕೊಂದು ಸಲ ನೀವು ನನ್ನನ್ನ ನೋಡ್ತೀರಿ. ನನಗೂ ಒಂದು ಅವಕಾಶ ಬೇಕಲ್ಲ."

ರುದ್ರಪ್ಪ ಬಾಯಿ ತೆರೆದುಕೊಂಡೇ ನಕ್ಕ. ಡಾಕ್ಟರೂ ನಗುತ್ತಾರೆ ಎಂದು ನೋಡಿದೆ, ಅವರು ನಗಲಿಲ್ಲ. ಅವರಿಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನಗೆಲ್ಲಿ ಬರಬೇಕು. ಕೇಳಿದ್ದು ಆ ರುದ್ರಪ್ಪನೇ. "ಮದುವೆ ಆಗಿ ಇನ್ನೊಬ್ಳನ್ನೂ ಸೋಮವಾರ ನಿಮ್ಮ ಮುಂದೆ ತಂದು ನಿಲ್ಲಿಸ್ಲಾ?" ಎಂದು ಡಾಕ್ಟರು ಕೇಳಿದ್ದಕ್ಕೆ ಅವನು ಟೋಪಿ ಹಾಕಿಕೊಂಡು ಹೊರಟುಹೋದ.

ಈಗ ಕೆಲಸದ ಮಾತಿಗೆ ಬರುತ್ತೇನೆ. ಆಗಿನ ಪದ್ಧತಿ ನಿನಗೆ ಪಾಠದಲ್ಲಿ ಬಂದಿರಬಹುದು. ಹಲ್ಲುಗಳೆಲ್ಲ ಅಲುಗಾಡುತ್ತಿದ್ದರೆ ಅಷ್ಟನ್ನೂ ಕಿತ್ತುಹಾಕಿ, ವಸಡು ಮಾಯುವವರೆಗೆ ತಿಂಗಳುಗಟ್ಟಲೆ ಬಿಟ್ಟು, ಆಮೇಲೆ ಅಳತೆ ತೆಗೆದು ಸೆಟ್ಟು ಕಟ್ಟುವುದು. ಊರಿನ ಬೇರೆಯವರೆಲ್ಲ ಹಾಗೇ ಮಾಡುತ್ತಿದ್ದರು. ಚೆನ್ ಡಾಕ್ಟರು ಮಾತ್ರ ಯಾರ ಬಾಯನ್ನೂ ಪೂರ್ತಿ ಖಾಲಿ ಮಾಡುತ್ತಿರಲಿಲ್ಲ. ಮೊದಲು ಹಿಂದಿನ ಹಲ್ಲುಗಳನ್ನು ಸ್ವಲ್ಪ ಸ್ವಲ್ಪವಾಗಿ ಕೀಳುವುದು. ಮುಂದಿನವು ಬಾಯಲ್ಲಿ ಇರುವಾಗಲೇ ಅಳತೆ ತೆಗೆದು ಸೆಟ್ಟು ಕಟ್ಟುವುದು. ಸೆಟ್ಟು ತಯಾರಾಗಿ ಮೇಜಿನ ಮೇಲೆ ನೀರಿನ ಬಟ್ಟಲಲ್ಲಿ ಕೂತ ಮೇಲೆ ಉಳಿದದ್ದನ್ನು ಕಿತ್ತು, ಅದೇ ಗಳಿಗೆಯಲ್ಲಿ ಹೊಸದನ್ನು ಇಡುವುದು. ಇದು ಕಷ್ಟದ ದಾರಿ. ವಸಡು ಕುಗ್ಗಿದಂತೆಲ್ಲ ಸೆಟ್ಟು ಸಡಿಲವಾಗುತ್ತದೆ, ಮತ್ತೆ ಮತ್ತೆ ಒಳಗೆ ತುಂಬಿ ಸರಿ ಮಾಡಬೇಕು. ನಮಗೆ ಕೆಲಸ ಎರಡು ಪಟ್ಟು. ಜನಕ್ಕೂ ಓಡಾಟ ಹೆಚ್ಚು.

ಒಂದು ದಿನ ಬಜಾರಿನ ದೊಡ್ಡ ಬಟ್ಟೆ ವ್ಯಾಪಾರಿಯೊಬ್ಬರು ತಾಯಿಯನ್ನು ಕರೆದುಕೊಂಡು ಬಂದರು. "ಇವತ್ತೇ ಅಷ್ಟೂ ತೆಗೆದುಬಿಡಿ ಡಾಕ್ಟ್ರೇ. ಅಮ್ಮನಿಗೆ ದಿನಾ ಬಂದು ಹೋಗೋಕಾಗಲ್ಲ."

"ಸೆಟ್ಟು ರೆಡಿ ಆಗ್ದೆ ನಾನು ಅಷ್ಟೂ ತೆಗೆಯೋದಿಲ್ಲ."

"ಎಲ್ಲಿಗೆ ಹೋಗ್ತೀರಿ ನೀವು? ಅಂಗಡಿ ಇಲ್ಲೇ ಇರುತ್ತೆ, ನಾವೂ ಇಲ್ಲೇ ಇರ್ತೀವಿ."

ಡಾಕ್ಟರು ಇಕ್ಕಳವನ್ನು ತಟ್ಟೆಯಲ್ಲಿಟ್ಟು, "ಅದನ್ನ ನಾನು ಹೇಳೋಕಾಗಲ್ಲ" ಅಂದರು. ವ್ಯಾಪಾರಿ ಸಿಟ್ಟಾಗಿ ತಾಯಿಯನ್ನು ಎಬ್ಬಿಸಿಕೊಂಡು ಹೊರಟರು. ಮೆಟ್ಟಿಲಲ್ಲಿ, "ಈ ಚೀನಾದವನ ತಲೆ ಸರಿ ಇಲ್ಲ" ಅಂದದ್ದು ನಮಗೂ ಕೇಳಿಸಿತು.

ನಾನು ಅದನ್ನು ಮಹಡಿಯಲ್ಲಿ ಅಜ್ಜಿಗೆ ಹೇಳಿದೆ. ಡಾಕ್ಟರು ಯಾಕೆ ಹೀಗೆ ಮಾಡುತ್ತಾರೆ ಎಂದು ಕೇಳಿದೆ. ಪ್ರಶ್ನೆ ಕೇಳದವಳು ಎಂದು ಇಟ್ಟುಕೊಂಡವಳು ಕೇಳಿದ್ದು ಅದೇ ಮೊದಲು. ಅಜ್ಜಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ತೆಗೆಯುತ್ತಲೇ ಹೇಳಿದರು.

ಅವರ ಪೇಟೆಯಲ್ಲಿ ಫೂಲ್‌ಮೋತಿ ಎಂಬ ಹೆಂಗಸಿದ್ದಳಂತೆ. ಚಹಾ ತೋಟದಲ್ಲಿ ಎಲೆ ಕೀಳುವವಳು. ವಯಸ್ಸು ಹೆಚ್ಚಲ್ಲ, ಆದರೆ ವಸಡು ಹಾಳಾಗಿ ಹಲ್ಲುಗಳೆಲ್ಲ ಅಲುಗಾಡುತ್ತಿದ್ದವು. ಮಗಳ ಮದುವೆಗೆ ಚೆನ್ನಾಗಿ ಕಾಣಬೇಕೆಂದು ಅವಳ ಗಂಡ ಸೆಟ್ಟು ಕಟ್ಟಿಸಲು ಕರೆದುಕೊಂಡು ಬಂದಿದ್ದ. ಆಗ ನಮ್ಮ ಡಾಕ್ಟರು ಇಪ್ಪತ್ತು ದಾಟಿದ ಹುಡುಗ. ತಾವೇ ಒಂದು ಪೂರ್ತಿ ಬಾಯಿಯ ಕೆಲಸ ಮಾಡಲು ತಂದೆ ಮೊದಲ ಸಲ ಒಪ್ಪಿದ್ದರು. ಹಲ್ಲುಗಳನ್ನೆಲ್ಲ ಕಿತ್ತಾಯಿತು. ವಸಡು ಮಾಗಿತು. ಅಳತೆ ತೆಗೆದು, ಮೇಣದಲ್ಲಿ ಹಲ್ಲು ಜೋಡಿಸಿ, ನಾಳೆ ಬಂದು ಹಾಕಿ ನೋಡು ಎಂದು ಕಳಿಸಿದ್ದರು. ಅದು ಅರವತ್ತೆರಡರ ಯುದ್ಧದ ಸಮಯ. ಆ ನಾಳೆಯ ಬೆಳಿಗ್ಗೆ ಪೊಲೀಸರು ಬಂದರು. ಸ್ವಲ್ಪ ದಿನದ ಮಟ್ಟಿಗೆ, ನಿಮ್ಮ ಕ್ಷೇಮಕ್ಕೇ, ಕೈಗೆ ಸಿಕ್ಕ ಬಟ್ಟೆ ತಗೊಳ್ಳಿ ಅಂದರು. ಮುಖ ನೋಡಿ, ಹೆಸರು ಕೇಳಿ, ಪೇಟೆಯ ಚೀನಾದವರನ್ನೆಲ್ಲ ಲಾರಿ ಹತ್ತಿಸಿದರು. ಮೇಣದ ಸೆಟ್ಟು ಮೇಜಿನ ಮೇಲೆಯೇ ಉಳಿಯಿತು.

"ಒಲೆ ಮೇಲೆ ಅನ್ನ ಇತ್ತು" ಅಂದರು ಅಜ್ಜಿ. "ನಾನು ಅದನ್ನ ನೆನೆಸಿಕೊಂಡು ಅಳ್ತಿದ್ದೆ. ಇವನು ಲಾರಿಯಲ್ಲಿ, ಅಮ್ಮಾ, ಅವಳ ಬಾಯಲ್ಲಿ ಏನೂ ಇಲ್ಲ, ಅವಳ ಬಾಯಲ್ಲಿ ಏನೂ ಇಲ್ಲ ಅಂತಿದ್ದ."

ಅಲ್ಲಿಂದ ರೈಲಿನಲ್ಲಿ ದಿನಗಟ್ಟಲೆ ರಾಜಸ್ಥಾನದವರೆಗೆ. ದಾರಿಯ ಒಂದು ಸ್ಟೇಷನ್ನಿನಲ್ಲಿ ಶತ್ರುಗಳ ರೈಲು ಎಂದು ಜನ ಕಲ್ಲು, ಚಪ್ಪಲಿ ಎಸೆದರಂತೆ. ಕಿಟಕಿ ಮುಚ್ಚಿಕೊಂಡು ಮಕ್ಕಳನ್ನು ಬೆಂಚಿನ ಕೆಳಗೆ ಮಲಗಿಸಿದರಂತೆ. ದೇವಲಿ ಎಂಬ ಊರಿನಲ್ಲಿ ಮುಳ್ಳುತಂತಿಯ ಒಳಗೆ ಉದ್ದುದ್ದ ಕಟ್ಟಡಗಳು. ಅವು ಇವರಿಗಾಗಿ ಕಟ್ಟಿದವಲ್ಲ. ಇದಕ್ಕೂ ಹಿಂದಿನ ದೊಡ್ಡ ಯುದ್ಧದಲ್ಲಿ ಬ್ರಿಟಿಷರು ಜಪಾನಿನ ಜನರನ್ನು, ಸಿಂಗಾಪುರದ ಕಡೆ ಅಂಗಡಿ ಇಟ್ಟುಕೊಂಡಿದ್ದವರನ್ನು, ಹೆಂಡತಿ ಮಕ್ಕಳ ಸಮೇತ ಹಡಗಿನಲ್ಲಿ ತಂದು ಅಲ್ಲೇ ಕೂಡಿಹಾಕಿದ್ದರು ಎಂದು ಕಸ ಗುಡಿಸುವ ಮುದುಕ ಹೇಳಿದನಂತೆ. "ಅವರು ಬೇರೆ, ನಾವು ಬೇರೆ ಅಂದೆ. ಅವನು, ನನಗೆ ಎಲ್ಲರ ಕಸವೂ ಒಂದೇ ಅಂದ" ಎಂದು ಅಜ್ಜಿ ನಕ್ಕರು. ಆ ಕ್ಯಾಂಪಿನಲ್ಲೇ ಡಾಕ್ಟರ ತಂದೆ ತೀರಿಕೊಂಡರು. ಕೆಲವರನ್ನು ಮದ್ರಾಸಿನಿಂದ ಹಡಗು ಹತ್ತಿಸಿ, ಅವರು ಕಂಡೇ ಇರದ ಚೀನಾಕ್ಕೆ ಕಳಿಸಿದರು. ಇವರು ಹೋಗುವುದಿಲ್ಲ ಎಂದು ಉಳಿದರು. ವರ್ಷಗಳ ಮೇಲೆ ಬಿಟ್ಟಾಗ ಹಿಂದಿರುಗಲು ಮನೆಯಿರಲಿಲ್ಲ, ಅದನ್ನೂ ಅಂಗಡಿಯನ್ನೂ ಸರ್ಕಾರ ಹರಾಜು ಹಾಕಿತ್ತು. ತಾವು ಹುಟ್ಟಿದ ಪೇಟೆಗೆ ಹೋಗಲು ಅಪ್ಪಣೆಯೂ ಇರಲಿಲ್ಲ. ಅದಕ್ಕೇ ಚಿಕ್ಕಪ್ಪನ ಶಿವಮೊಗ್ಗ.

"ಅವಳು ಈಗಲೂ ಹಾಗೇ ಇದ್ದಾಳೋ, ಯಾರಾದರೂ ಕಟ್ಟಿಕೊಟ್ಟರೋ, ಅದನ್ನ ನೋಡಿ ಬಂದರೆ ಇವನಿಗೆ ನಿದ್ದೆ ಬರುತ್ತೆ" ಅಂದರು ಅಜ್ಜಿ. "ಪ್ರತಿ ವರ್ಷ ಅರ್ಜಿ ಹಾಕ್ತಾನೆ. ಪ್ರತಿ ವರ್ಷ ಇಲ್ಲ ಅಂತಾರೆ."

ಅವತ್ತಿನಿಂದ ಡಾಕ್ಟರು ಸೆಟ್ಟನ್ನು ನೀರಿನ ಬಟ್ಟಲಲ್ಲಿಟ್ಟು ಇಕ್ಕಳ ಎತ್ತಿಕೊಳ್ಳುವಾಗ ನಾನು ಅವರ ಮುಖ ನೋಡುತ್ತಿರಲಿಲ್ಲ.

ನಾನು ಅಳತೆ ತೆಗೆಯಲು ಕಲಿತದ್ದೂ ಡಾಕ್ಟರ ಮೇಲಿದ್ದ ಪೊಲೀಸರ ಕಟ್ಟುಪಾಡಿನಿಂದಲೇ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಿಂದ ನಮಗೆ ಬಹಳ ಜನ ಬರುತ್ತಿದ್ದರು. ನಡೆಯಲಾಗದ ಮುದುಕರ ಮನೆಗೇ ಹೋಗಬೇಕಿತ್ತು. ಆದರೆ ಊರಿನ ಗಡಿ ದಾಟಲು ಡಾಕ್ಟರಿಗೆ ಪೊಲೀಸರ ಅಪ್ಪಣೆಯ ಚೀಟಿ ಬೇಕು. ಭದ್ರಾವತಿಗೆ ಚೀಟಿ ಸಿಗುತ್ತಲೇ ಇರಲಿಲ್ಲ. "ಅಲ್ಲಿ ದೊಡ್ಡ ಕಾರ್ಖಾನೆ ಇದೆಯಲ್ಲ, ನೀವು ಆ ಕಡೆ ತಲೆ ಹಾಕ್ಬೇಡಿ" ಎಂದು ಆಗಿದ್ದ ಇನ್ಸ್‌ಪೆಕ್ಟರು ಬಾಯಲ್ಲೇ ಹೇಳಿದ್ದರು. ಈಗ ಸೋಗಾನೆಯ ಏರ್‌ಪೋರ್ಟಿನಿಂದ ವಿಮಾನ ಹಾರುವುದನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಭದ್ರಾವತಿಗೆ ಹೋಗುವ ಆ ಕೆಂಪು ಬಸ್ಸು. ಅದನ್ನು ಹತ್ತಲು ಒಬ್ಬ ಮನುಷ್ಯನಿಗೆ ಬಿಡುತ್ತಿರಲಿಲ್ಲ.

"ನೀವು ಹೋಗಿ ಬನ್ನಿ ನೂರಮ್ಮ" ಅಂದರು ಡಾಕ್ಟರು.

"ನಾನಾ? ಗಂಡಸರ ಬಾಯಿಗೆ ಕೈ ಹಾಕ್ಬೇಕಲ್ಲ ಡಾಕ್ಟ್ರೇ!"

"ಬಾಯಿಗೆ ಗಂಡು ಹೆಣ್ಣು ಇಲ್ಲ. ಮೇಲಿನ ದವಡೆ, ಕೆಳಗಿನ ದವಡೆ ಅಷ್ಟೇ ಇರೋದು."

ನಿನ್ನ ದಾದಾನ ಅಮ್ಮ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಅವರ ನೋವಿನ ಹಲ್ಲನ್ನು ಡಾಕ್ಟರು ಕಿತ್ತ ಮೇಲೆ ಮಾತಾಡಿದರು. ನಾನು ಮೇಣದ ಪಟ್ಟಿ, ಅಳತೆಯ ತಟ್ಟೆಗಳನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ಭದ್ರಾವತಿಗೆ ಹೋಗತೊಡಗಿದೆ. ಈಗ ಇದಕ್ಕೆ ಕಾನೂನು ಒಪ್ಪುವುದಿಲ್ಲ, ನೀನು ಹಾಗೆ ಮಾಡಬೇಡ.

ಅಲ್ಲಿ ನನ್ನ ದೊಡ್ಡ ಎಡವಟ್ಟು ಒಬ್ಬ ಫೋರ್ಮನ್ನಿನದು. ತಮಿಳಿನವರು, ಮೀಸೆಯ ದೊಡ್ಡ ಆಳು. ಬುರ್ಖಾದ ಹೆಂಗಸು ಬಾಯಿಗೆ ಕೈ ಹಾಕಿದ್ದಕ್ಕೆ ಅವರು ನನಗಿಂತ ಹೆಚ್ಚು ನಾಚಿ, ಕಣ್ಣು ಮುಚ್ಚಿ, ಕೆಳದವಡೆಯನ್ನು ಮುಂದೆ ಚಾಚಿ ಮೇಣ ಕಚ್ಚಿದರು. ನಾನೂ ನಾಚಿಕೆಯಲ್ಲಿ ಸರಿಯಾಗಿ ನೋಡಲಿಲ್ಲ. ಸೆಟ್ಟು ತಯಾರಾಗಿ ಹಾಕಿದರೆ, ಗದ್ದ ಮುಂದೆ ಮಾಡಿದರೆ ಮಾತ್ರ ಹಲ್ಲು ಕೂಡುತ್ತಿತ್ತು. ನೋಡಿದವರಿಗೆ ಜಗಳಕ್ಕೆ ನಿಂತ ಹಾಗೆ. ಅವರ ಹೆಂಡತಿ, "ಏನಮ್ಮಾ ಮಾಡಿಟ್ಟೆ? ಹೊಸ ಹಲ್ಲು ಬಂದ ಮೇಲೆ ಇವ್ರ ಸೆಕ್ಷನ್ನಲ್ಲಿ ಒಬ್ರೂ ರಜಾ ಕೇಳ್ತಿಲ್ವಂತೆ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಡಾಕ್ಟರು ಮತ್ತೆ ಮೊದಲಿನಿಂದ ಮಾಡಿಕೊಟ್ಟರು. "ಕಚ್ಚಿ ಅನ್ಬೇಡಿ. ಉಗುಳು ನುಂಗಿ ಅನ್ನಿ. ನುಂಗುವಾಗ ದವಡೆ ತನ್ನ ಮನೆಗೆ ತಾನೇ ಹೋಗುತ್ತೆ" ಎಂದು ಹೇಳಿಕೊಟ್ಟರು. ಇದನ್ನು ನಿನ್ನ ಕಂಪ್ಯೂಟರಿಗೂ ಹೇಳು.

ಅಜ್ಜಿ ಶಿವಮೊಗ್ಗದಲ್ಲೇ ತೀರಿಕೊಂಡರು. ಕೊನೆಯ ವಾರಗಳಲ್ಲಿ ಅವರಿಗೆ ಹಿಂದಿಯೂ ಮರೆತು, ನನಗೆ ತಿಳಿಯದ ಯಾವುದೋ ಮಾತಾಡುತ್ತಿದ್ದರು. ನಡುವೆ ಫೂಲ್‌ಮೋತಿ ಎಂಬ ಹೆಸರು ಮಾತ್ರ ನನಗೆ ಗುರುತು ಹತ್ತುತ್ತಿತ್ತು. ಮಣ್ಣು ಮಾಡಿದ ಮರುದಿನ ಸೋಮವಾರ. ಡಾಕ್ಟರು ಇಸ್ತ್ರಿ ಬಟ್ಟೆ ಹಾಕಿಕೊಂಡು ಒಬ್ಬರೇ ಸ್ಟೇಷನ್ನಿಗೆ ಹೋದರು. ತಾಯಿ ಎಲ್ಲಿ ಎಂದು ಹೊಸ ಪೇದೆಯೊಬ್ಬ ಕೇಳಿದನಂತೆ. "ಅವರು ಗಡಿ ದಾಟಿದ್ರು. ಚೀಟಿ ತಗೊಂಡಿಲ್ಲ" ಅಂದೆ ಎಂದು ನನಗೆ ಹೇಳಿ ಮಹಡಿಗೆ ಹೋದವರು ಸಂಜೆಯವರೆಗೂ ಇಳಿಯಲಿಲ್ಲ.

ವರ್ಷಗಳು ಹೋದವು. ಸೋಮವಾರದ ಸಹಿ ತಿಂಗಳಿಗೊಂದಾಯಿತು, ಆಮೇಲೆ ವರ್ಷಕ್ಕೊಂದಾಯಿತು. ತಲೆಯೆಲ್ಲ ಬೆಳ್ಳಗಾದ ಮೇಲೆ, ಈ ದೇಶದಲ್ಲೇ ಹುಟ್ಟಿದ ಡಾಕ್ಟರಿಗೆ ಈ ದೇಶದ ಪೌರತ್ವ ಬಂತು. ಬಜಾರಿನವರು ಪೇಡ ಹಂಚಿಸಿ ಎಂದು ಕಾಡಿದರು. ಅವರು ಪೇಡವನ್ನೂ ತರಿಸಿದರು, ಅದೇ ದಿನ ಅಸ್ಸಾಮಿಗೆ ರೈಲಿನ ಟಿಕೆಟನ್ನೂ ತರಿಸಿದರು. ಅಳತೆಯ ತಟ್ಟೆ, ಮೇಣ, ಪ್ಲಾಸ್ಟರು, ಸ್ಪಿರಿಟ್ ದೀಪವನ್ನೆಲ್ಲ ಚೀಲಕ್ಕೆ ತುಂಬುತ್ತಿದ್ದಾಗ ನಾನು ತಡೆಯಲಾಗದೆ, "ಇಷ್ಟು ವರ್ಷ ಆಯ್ತು ಡಾಕ್ಟ್ರೇ. ಅವ್ರು ಇರ್ತಾರಾ?" ಅಂದೆ.

"ಇಲ್ದಿದ್ರೆ ಇಲ್ಲ ಅಂತ ಗೊತ್ತಾಗುತ್ತಲ್ಲ" ಅಂದರು.

ಅವರು ಹಿಂದಿರುಗಿದ ದಿನ ನಾನು ಅಂಗಡಿ ಗುಡಿಸುತ್ತಿದ್ದೆ. ಚೀಲ ಕೆಳಗಿಟ್ಟು ಮೊದಲು ನೀರು ಕುಡಿದರು. "ಇದ್ದಾಳೆ" ಅಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಪೊರಕೆ ಹಿಡಿದುಕೊಂಡೇ ಅಲ್ಹಮ್ದುಲಿಲ್ಲಾ ಅಂದೆ. ಅವರು ಮುಂದೆ ಹೇಳಿದ್ದನ್ನು ನಾನು ಮರೆತಿಲ್ಲ.

ಅವರ ಮನೆಯಿದ್ದಲ್ಲಿ ಬೇರೆಯವರ ಕಿರಾಣಿ ಅಂಗಡಿ. ಇಲ್ಲೊಂದು ಹಲ್ಲಿನ ಅಂಗಡಿ ಇತ್ತಲ್ಲ ಎಂದು ಕೇಳಿದರೆ, "ಇತ್ತಂತೆ. ಯುದ್ಧದಲ್ಲಿ ಆ ಚೀನಾದವರು ಜನರ ದುಡ್ಡು ಹೊಡ್ಕೊಂಡು ಅವರ ದೇಶಕ್ಕೆ ಓಡಿಹೋದ್ರಂತೆ" ಅಂದರಂತೆ. ಕೇಳಿದ ಕಡೆಯೆಲ್ಲ ಅದೇ ಮಾತು. ಲಾರಿ, ಪೊಲೀಸು, ಕ್ಯಾಂಪು ಯಾರಿಗೂ ಗೊತ್ತಿಲ್ಲ. ತೋಟದ ಕೂಲಿ ಸಾಲುಮನೆಯೊಂದರಲ್ಲಿ ಫೂಲ್‌ಮೋತಿ ಸಿಕ್ಕಳು. ಮುದುಕಿ, ಕೆನ್ನೆ ಒಳಗೆ ಹೋಗಿ ಮೂಗಿಗೆ ಗದ್ದ ತಾಗುವಂತಾಗಿತ್ತು. ಮಗಳ ಮದುವೆಯಲ್ಲಿ ಸೆರಗು ಬಾಯಿಗೆ ಹಿಡಿದುಕೊಂಡೇ ನಿಂತಿದ್ದಳಂತೆ. ಆ ಕಡೆ ಹಲ್ಲು ಕಟ್ಟುವವರೆಲ್ಲ ಚೀನಾದವರೇ, ಎಲ್ಲರನ್ನೂ ಒಯ್ದಿದ್ದರು. ಬೇರೆಯವರು ಬರುವ ಹೊತ್ತಿಗೆ ಗಂಡ ಸತ್ತಿದ್ದ. ಆಮೇಲೆ ಯಾರಿಗೆ ಹಲ್ಲು ಬೇಕಿತ್ತು.

"ನಾನು ಯಾರು ಅಂತ ಹೇಳ್ದೆ ನೂರಮ್ಮ. ಅವಳು, ಪ್ರತಿ ಸಲ ಊಟಕ್ಕೆ ಕೂತಾಗ್ಲೂ ನಿನ್ನನ್ನ ಶಪಿಸಿದೀನಿ ಅಂದ್ಲು. ನಾವು ಓಡಿಹೋಗ್ಲಿಲ್ಲ, ನಮ್ಮನ್ನ ಹಿಡ್ಕೊಂಡು ಹೋದ್ರು ಅಂದೆ. ಎಲ್ಲಿಗೆ ಅಂದ್ಲು. ಎಲ್ಲಾ ಹೇಳ್ದೆ. ಅವಳು, ಅಲ್ಲಿ ನಿನ್ನ ಅಮ್ಮನಿಗೆ ತಿನ್ನೋಕೆ ಏನು ಕೊಡ್ತಿದ್ರು ಅಂತ ಕೇಳಿದ್ಲು. ಅರೆಬೆಂದ ಅನ್ನ ಅಂದೆ. ಆಮೇಲೆ ತಾನೇ ಬಾಯಿ ತೆಗೆದ್ಲು."

ಅಷ್ಟು ಹೇಳಿ ಡಾಕ್ಟರು ಚೀಲದಿಂದ ಬಟ್ಟೆ ಸುತ್ತಿದ ಪ್ಲಾಸ್ಟರಿನ ಅಚ್ಚುಗಳನ್ನು ತೆಗೆದು ನನ್ನ ಕೈಗಿಟ್ಟರು. ನಾನು ಬೆರಳಾಡಿಸಿ ನೋಡಿದೆ. ಹಲ್ಲು ಕಿತ್ತ ಮೇಲೆ ವಸಡು ಗದ್ದೆಯ ಬದುವಿನ ಹಾಗೆ ಉಬ್ಬಿರುತ್ತದೆ, ಸೆಟ್ಟು ಕೂರುವುದು ಆ ಬದುವಿನ ಮೇಲೆ ಎಂದು ನಿನಗೆ ಗೊತ್ತು. ವರ್ಷಾನುಗಟ್ಟಲೆ ಹಾಗೇ ಬಿಟ್ಟರೆ ಮೂಳೆ ಕರಗುತ್ತ ಹೋಗುತ್ತದೆ. ಕೆಳದವಡೆಯ ಅಚ್ಚಿನಲ್ಲಿ ಬದುವೇ ಇರಲಿಲ್ಲ. ಅಂಗೈಯ ಹಾಗೆ ಮಟ್ಟಸವಾಗಿತ್ತು. ಅಂಥ ಅಚ್ಚನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

"ಮೇಲಿಂದು ಹೆಂಗೋ ಅಂಟಿಕೊಳ್ಳುತ್ತೆ" ಅಂದೆ. "ಕೆಳಗಿಂದು ನಿಲ್ಲಲ್ಲ ಡಾಕ್ಟ್ರೇ."

"ಗೊತ್ತು. ಬೆರಳಿಟ್ಟ ತಕ್ಷಣ ಗೊತ್ತಾಯ್ತು."

"ಅವ್ರಿಗೆ ಹೇಳಿದ್ರಾ?"

"ಹೇಳ್ದೆ. ಆದ್ರೂ ಮಾಡ್ಕೊಡು, ನಿನ್ನ ಹತ್ರ ಬಾಕಿ ಇದೆ ಅಂದ್ಲು."

ಆ ಸೆಟ್ಟಿನ ಮೇಲೆ ಡಾಕ್ಟರು ಕೂತಷ್ಟು ಹೊತ್ತು ಬೇರೆ ಯಾವುದರ ಮೇಲೂ ಕೂರಲಿಲ್ಲ. ಹಲ್ಲು ಜೋಡಿಸುವುದು, ಮೇಣ ಕರಗಿಸಿ ಮತ್ತೆ ಜೋಡಿಸುವುದು. ಭಾರವಿದ್ದರೆ ನಿಂತೀತೇನೋ ಎಂದು ಕೆಳಗಿನದರೊಳಗೆ ಲೋಹದ ತುಂಡು ಸೇರಿಸಿದರು. ಹಿತ್ತಾಳೆ ಡಬ್ಬಿಯಲ್ಲಿ ಬೇಯಿಸಿ ತೆಗೆದ ಮೇಲೆ ಪಾಲಿಶ್ ನನಗೇ ಬಿಟ್ಟರು. ಹತ್ತಿಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಅಸ್ಸಾಮಿಗೆ ಪಾರ್ಸೆಲ್ ಕಳಿಸಿದೆವು.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಫೋನ್ ಬಂತು. ಫೂಲ್‌ಮೋತಿಯ ಮೊಮ್ಮಗ, ತೋಟದ ಆಫೀಸಿನಿಂದ ಮಾಡಿದ್ದ. ಡಾಕ್ಟರು ಹಿಂದಿಯಲ್ಲಿ ಹ್ಞೂಂ, ಹ್ಞೂಂ ಎಂದು ಕೇಳಿಸಿಕೊಂಡು ಫೋನ್ ಇಟ್ಟರು. ನಾನು ದೀಪ ಆರಿಸಿ ಕಾದೆ.

"ಊಟ ಮಾಡೋವಾಗ ತೆಗೆದಿಡ್ತಾಳಂತೆ" ಅಂದರು. "ಮನೆಗೆ ಯಾರಾದ್ರೂ ಬಂದ್ರೆ ಹಾಕ್ಕೊಳ್ತಾಳಂತೆ. ನೋಡಿ, ಆ ಹುಡುಗ ಓಡಿಹೋಗಿರ್ಲಿಲ್ಲ, ಅವರನ್ನ ಹಿಡ್ಕೊಂಡು ಹೋಗಿದ್ರು, ಬಿಟ್ಟ ಮೇಲೆ ಬಂದು ಕೊಟ್ಟ ಅಂತ ಎಲ್ರಿಗೂ ಹೇಳ್ತಾಳಂತೆ."

"ಮಾತಾಡೋವಾಗ ಬೀಳಲ್ವಾ?"

"ಬೀಳುತ್ತಂತೆ. ಬೆರಳಲ್ಲಿ ಹೀಗೆ ಒತ್ತಿ ಹಿಡ್ಕೊಂಡು ಹೇಳ್ತಾಳಂತೆ."

ಹೇಗೆ ಎಂದು ತೋರಿಸಲು ತಮ್ಮ ಕೆಳಗಿನ ವಸಡಿನ ಮೇಲೆ ತೋರುಬೆರಳಿಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು ಬೀದಿಯ ಕಡೆ ನೋಡುತ್ತ ಕೂತರು. ಆಮೇಲೆ ಬೆರಳು ತೆಗೆದು, "ಆ ಕೆಳಗಿನದೊಂದು ನಿಂತಿದ್ರೆ ಚೆನ್ನಾಗಿತ್ತು, ನೂರಮ್ಮ" ಅಂದರು.